ಗೆರೆಯಲ್ಲೊಂದು ಕುಳಿ

ನೊಣ, ಗೆರೆಗೆ ನೊಣ ಅಂಟಿಕೊಂಡಿದೆ, ಮೇಲಲ್ಲ, ಕೆಳಗೆ ನೇತಾಡುತ್ತ, ಈ ಲ್ಯಾಬಿನೊಳಗೆ ನೊಣ ಎಲ್ಲಿಂದ ಬಂತು, ಎರಡೆರಡು ಬಾಗಿಲು, ಕಾಲಿಗೆ ಚೀಲ, ತಲೆಗೆ ಟೊಪ್ಪಿ, ಮನುಷ್ಯರೇ ಒಳಗೆ ಬರಲು ಇಷ್ಟು ಹೆಣಗುವಾಗ ನೊಣಕ್ಕೆ ಮಾತ್ರ ರಾಜೋಪಚಾರ — ಅವಳು ಬಿಳಿ ಕೋಟಿನ ತೋಳಿನಿಂದ ಆಸಿಲೋಸ್ಕೋಪಿನ ಪರದೆ ಒರೆಸಿದಳು, ಹೋಗಲಿಲ್ಲ, ಉಗುರಿನಿಂದ ಕೆರೆದಳು, ಹೋಗಲಿಲ್ಲ, ವೋಲ್ಟೇಜಿನ ಹಳದಿ ಗೆರೆ ಎಡದಿಂದ ಬಲಕ್ಕೆ ನೆಟ್ಟಗೆ ಬರುತ್ತಿದೆ, ನಡುವೆ ಒಂದು ಕಡೆ ಮೆಟ್ಟಿಲು ತಪ್ಪಿದವರ ಹಾಗೆ ಧಡಕ್ಕನೆ ಕೆಳಗಿಳಿದು, ಯಾರೂ ನೋಡಲಿಲ್ಲ ತಾನೆ ಎಂಬಂತೆ ಸಾವರಿಸಿಕೊಂಡು ಮೇಲೆದ್ದು, ಮತ್ತೆ ನೆಟ್ಟಗೆ ಹೋಗುತ್ತದೆ. ನೊಣವಲ್ಲ. ಕುಳಿ. ಅವಳಿಗೆ ಮೊದಲು ಬಂದದ್ದು ನಗು, ಯಾಕೆಂದರೆ ಈ ಸರ್ಕ್ಯೂಟ್ ಬೋರ್ಡಿನಲ್ಲಿ ಕುಳಿ ಇರಲು ಸಾಧ್ಯವೇ ಇಲ್ಲ, ಎಂಟು ತಿಂಗಳ ಹಿಂದೆ ನಲವತ್ತು ಬೋರ್ಡುಗಳನ್ನು ಇದೇ ಬೆಂಚಿನ ಮೇಲೆ ಒಂದೊಂದಾಗಿ ಅಳೆದವಳು ಅವಳೇ, ನಲವತ್ತರಲ್ಲೂ ಮೆಮೊರಿಗೆ ಹೋಗುವ ವೋಲ್ಟೇಜು ಸ್ಥಿರವಾಗಿದೆ ಎಂದು ಬರೆದು ಸಹಿ ಮಾಡಿದವಳೂ ಅವಳೇ, ಕಂಪನಿಯಲ್ಲಿ ಬಾಗಿಲು ಕಾಯುವವರಿಂದ ಹಿಡಿದು ದೊಡ್ಡವರವರೆಗೆ ಎಲ್ಲರೂ ಅವಳನ್ನು ಕರೆಯುವುದು ಅಳತೆಯಕ್ಕ ಅಂತಲೇ, ಅಳತೆಯಕ್ಕ ಸಹಿ ಹಾಕಿದ್ರೆ ಮುಗೀತು ಬಿಡಿ, ಅಂತಾರೆ, ಇಪ್ಪತ್ತೆರಡು ವರ್ಷದಿಂದ ಅಂತಾರೆ. ಗೋಡೆ ಗಡಿಯಾರದಲ್ಲಿ ಹತ್ತಕ್ಕೆ ಹತ್ತು ನಿಮಿಷ. ಹನ್ನೊಂದಕ್ಕೆ ಗಾಜಿನ ಕೋಣೆಯಲ್ಲಿ ಮೀಟಿಂಗು, ಪ್ರೋಗ್ರಾಮು ಬರೆಯುವ ಗೊಣಗಪ್ಪನನ್ನು ಕೆಲಸದಿಂದ ಕಳಿಸುವ ಮೀಟಿಂಗು, ಅದಕ್ಕೆ ಮೊದಲು ಇನ್ನೊಂದು ಫೋಟೋ ತೆಗೆದುಕೊಡಿ ಅಕ್ಕ, ವೋಲ್ಟೇಜು ಸರಿಯಿದೆ ಅನ್ನೋದಕ್ಕೆ ಫೈಲಿನಲ್ಲಿ ಹೊಸದೊಂದು ಪುರಾವೆ ಇರಲಿ, ಅಂದಿದ್ದರು ದೊಡ್ಡವರು ಬೆಳಿಗ್ಗೆ ಲಿಫ್ಟಿನಲ್ಲಿ, ನಿಮಗೆ ಐದು ನಿಮಿಷದ ಕೆಲಸ ಅಲ್ವಾ. ಐದು ನಿಮಿಷದ ಕೆಲಸವೇ.

ಪ್ರೋಬಿನ ತಪ್ಪು, ಬೋರ್ಡಿಗೆ ಚುಚ್ಚಿ ಅಳೆಯುವ ಮುಳ್ಳಿನದು, ಇನ್ನೇನು, ನೂರಕ್ಕೆ ತೊಂಬತ್ತು ಸಲ ಪ್ರೋಬಿನದೇ ತಪ್ಪು, ಅವಳು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ಭೂತಗಾಜನ್ನು ಎಳೆದುಕೊಂಡಳು, ಪ್ರೋಬಿನ ಮುಳ್ಳು ಮೆಮೊರಿ ಚಿಪ್ಪಿನ ಮಗ್ಗುಲಲ್ಲೇ ಕೂತಿದೆ, ಅದರ ಪಕ್ಕ ಗ್ರೌಂಡಿಗೆ ಊರಿದ ಪುಟ್ಟ ಸ್ಪ್ರಿಂಗು, ಹೊಲಿಗೆ ಸೂಜಿಗೆ ತಂತಿ ಸುತ್ತಿ ಅವಳೇ ಮಾಡಿದ್ದು, ಉಳಿದವರೆಲ್ಲ ಗೇಣುದ್ದದ ತಂತಿಗೆ ಕ್ಲಿಪ್ಪು ಸಿಕ್ಕಿಸಿ ಅಳೆಯುತ್ತಾರೆ, ಬಾಲ ಅಂತ ಅವಳು ಅದಕ್ಕೆ ಹೆಸರಿಟ್ಟಿದ್ದಾಳೆ, ಬಾಲ ಉದ್ದವಿದ್ದರೆ ಗಾಳಿಯಲ್ಲಿರುವ ಕಸವೆಲ್ಲ, ಮೊಬೈಲಿನದು, ಟ್ಯೂಬ್‌ಲೈಟಿನದು, ಪಕ್ಕದ ಬೆಂಚಿನ ಮೋಟಾರಿನದು, ಎಲ್ಲ ಬಂದು ಅದರಲ್ಲಿ ಕೂರುತ್ತದೆ, ಬಾಲ ಕತ್ತರಿಸಿಕೊಂಡು ಬಾ ಆಮೇಲೆ ಮಾತಾಡೋಣ ಅಂತ ಎಷ್ಟು ಜನರನ್ನು ಈ ಬೆಂಚಿನಿಂದ ವಾಪಸು ಅಟ್ಟಿದ್ದಾಳೋ. ಸ್ಪ್ರಿಂಗು ಗಟ್ಟಿಯಾಗಿದೆ. ಬೆಸುಗೆ ಹೊಸದಾಗಿ ಹಾಕಿದಳು, ಹೊಗೆ ಊದಿದಳು, ನೋಡಿದಳು, ಕುಳಿ. ಹೊಸಬರಿಗೆ ಅವಳು ಹೇಳಿಕೊಡುವುದೇ ಹೀಗೆ, ಮೆಮೊರಿ ಚಿಪ್ಪು ಅಂದ್ರೆ ಕೋಟ್ಯಂತರ ಪುಟಾಣಿ ಲೋಟ ಕಣ್ರಪ್ಪಾ, ತುಂಬಿದ್ರೆ ಒಂದು, ಖಾಲಿಯಿದ್ರೆ ಸೊನ್ನೆ, ಆದರೆ ಎಲ್ಲಾ ಲೋಟಾನೂ ಸೋರುತ್ತೆ, ಸೋರಿ ಮುಗಿಯೋದ್ರೊಳಗೆ ಓದಿ ಮತ್ತೆ ತುಂಬಿಸಬೇಕು, ಸೆಕೆಂಡಿಗೆ ಹದಿನೈದಿಪ್ಪತ್ತು ಸಲ, ಹಾಗೆ ತುಂಬಿಸೋ ಗಳಿಗೆಯಲ್ಲಿ ಚಿಪ್ಪಿಗೆ ಗಬಕ್ಕನೆ ಕರೆಂಟು ಬೇಕು, ಅದು ಬೋರ್ಡಿನ ಆ ತುದಿಯಿಂದ ಬರೋದ್ರೊಳಗೆ ಗಂಟಲು ಒಣಗಿಹೋಗುತ್ತೆ, ಅದಕ್ಕೇ ಪಕ್ಕದಲ್ಲೇ ಸಾಸಿವೆಯಷ್ಟಷ್ಟೇ ಇರೋ ಕೆಪಾಸಿಟರು ಇಡೋದು, ಒಲೆ ಹತ್ತಿರ ಒಂದು ತಂಬಿಗೆ ನೀರು ಇಟ್ಕೊಂಡ ಹಾಗೆ. ಒಂದು ಪಾಯಿಂಟ್ ಎರಡು ವೋಲ್ಟು ಇರಬೇಕು, ಅರವತ್ತು ಮಿಲಿವೋಲ್ಟು ಹೆಚ್ಚುಕಡಿಮೆಯಾದರೆ ಕ್ಷಮೆಯಿದೆ, ಅದರಾಚೆ ಹೋದರೆ ಲೋಟದಲ್ಲಿ ಏನಿತ್ತು ಎನ್ನುವುದಕ್ಕೆ ಖಾತ್ರಿಯಿಲ್ಲ, ಒಂದಿದ್ದದ್ದು ಸೊನ್ನೆ ಆಗಬಹುದು, ಯಂತ್ರ ತಬ್ಬಿಬ್ಬಾಗಿ ನಿಂತು ಮತ್ತೆ ಮೊದಲಿನಿಂದ ಶುರುವಾಗಬಹುದು. ಈ ಕುಳಿಯ ಆಳ ನೂರಹತ್ತು. ಅಗಲ, ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಅದರಲ್ಲಿ ಐದು ಚೂರು. ಅವಳು ಎರಡು ಸಲ ಓದಿದಳು.

ಆಗ ಅವಳ ಕಣ್ಣು ಪರದೆಯ ಮೇಲಿನ ಮೂಲೆಗೆ ಹೋಯಿತು, ಅಲ್ಲಿ ಏನೋ ಇಲ್ಲ, ಏನಿತ್ತು ಅಲ್ಲಿ, ದಿನಾ ನೋಡುವ ಗೋಡೆಯಿಂದ ಕ್ಯಾಲೆಂಡರು ತೆಗೆದ ಹಾಗೆ ಬೋಳು ಬೋಳು, ಎರಡಕ್ಷರ, ಹೌದು, ಸಣ್ಣಗೆ ಹೊಳೆಯುತ್ತಿದ್ದ ಎರಡಕ್ಷರ, ಬಿ ಡಬ್ಲ್ಯು, ಈ ಆಸಿಲೋಸ್ಕೋಪು ವರ್ಷಕ್ಕೊಂದು ಸಲ ತಪಾಸಣೆಗೆ ಹೋಗುತ್ತದೆ, ನಿನ್ನೆ ಸಂಜೆ ವಾಪಸು ಬಂತು, ನೆತ್ತಿಯ ಮೇಲೆ ಹಸಿರು ಚೀಟಿ ಅಂಟಿಸಿದ್ದಾರೆ, ಒಳಗಿನ ಸೆಟ್ಟಿಂಗುಗಳನ್ನೆಲ್ಲ ಅಳಿಸಿ ಹುಟ್ಟಿದಾಗ ಹೇಗಿತ್ತೋ ಹಾಗೆ ಮಾಡಿ ಕಳಿಸಿದ್ದಾರೆ, ಅಂದರೆ ಆ ಎರಡಕ್ಷರದ ಬಟನ್ ಈಗ ಆಫ್ ಆಗಿದೆ, ಅಂದರೆ ಇಷ್ಟು ದಿನ — ಬಲಗೈಯ ತೋರುಬೆರಳು ತಾನಾಗಿ ಹೋಗಿ ಬಟನ್ ಒತ್ತಿತು, ಎರಡಕ್ಷರ ಹೊತ್ತಿಕೊಂಡಿತು, ಕುಳಿ ಮಾಯ, ಅದಿದ್ದ ಜಾಗದಲ್ಲಿ ಇದ್ದೂ ಇಲ್ಲದಂಥ ಒಂದು ಸಣ್ಣ ಅಲೆ, ಅರವತ್ತರೊಳಗೆ ಸಲೀಸಾಗಿ ಅಡಗುವಂಥದ್ದು. ಮತ್ತೆ ಒತ್ತಿದಳು, ಕುಳಿ. ಸೋಸುವ ಬಟನ್ ಅದು, ಚುರುಕಾದ ಏರಿಳಿತಗಳನ್ನೆಲ್ಲ ಸೋಸಿ ಬಿಸಾಕಿ ನಿಧಾನದವನ್ನು ಮಾತ್ರ ತೋರಿಸುತ್ತದೆ, ಗೆರೆ ನೋಡಲು ಚೆಂದ, ಮೊದಲ ವರ್ಷದ ಹುಡುಗಿಯರಿಗೂ ಗೊತ್ತು ಅದನ್ನು ಒತ್ತಿಕೊಂಡು ಮೆಮೊರಿ ಅಳೆಯಬಾರದು ಅಂತ, ಅವರಿಗೆ ಹೇಳಿಕೊಟ್ಟವಳೇ ಅವಳು. ಅಯ್ಯೋ ದೇವರೇ. ನಲವತ್ತು. ನಲವತ್ತನ್ನೂ.

ಯಾವಾಗ ಒತ್ತಿದೆ, ಯಾಕೆ ಒತ್ತಿದೆ, ಅವಳು ಸ್ಟೂಲಿನ ಮೇಲೆ ಕೂತಳು, ಸ್ಟೂಲು ಎಂದಿನಂತೆ ಕಿರ್ರ್ ಅಂದಿತು, ಮೊದಲನೇ ಬೋರ್ಡಿಗೆ ಪ್ರೋಬು ಇಟ್ಟ ದಿನ, ಹೌದು, ದೊಡ್ಡವರು ಬಂದು ಹೆಗಲ ಮೇಲಿಂದ ಬಗ್ಗಿ ನೋಡಿ, ಇದೇನಕ್ಕ ಗೆರೆ ಇಷ್ಟು ದಪ್ಪ, ಕಂಬಳಿಹುಳು ಥರ, ಗ್ರಾಹಕರಿಗೆ ಕಳಿಸೋ ರಿಪೋರ್ಟು ಇದು, ಸ್ವಲ್ಪ ನೀಟಾಗಿ ತೆಗೆದುಕೊಡಿ, ಅಂದರು, ಒಂದು ಫೋಟೋಗೆ ತಾನೆ ಅಂತ ಒತ್ತಿದಳು, ನೀಟಾಯಿತು, ಅವರು ಹೋದರು, ಬಿಡಿಸುವುದು ಮರೆತಳು, ಮರೆತದ್ದು ನಿಜವೇ, ನಿಜವೇ, ಆದರೆ ಎರಡನೆಯದು, ಐದನೆಯದು, ಹತ್ತನೆಯದು, ಎಲ್ಲ ಗೆರೆಗಳೂ ಇಸ್ತ್ರಿ ಹಾಕಿದ ಹಾಗೆ ಬಂದಾಗ ಅವಳಿಗೆ ಅನುಮಾನ ಬರಬೇಡವೇ, ಇಪ್ಪತ್ತೆರಡು ವರ್ಷದಲ್ಲಿ ಇಂಥ ಸಾಧು ಗೆರೆ ಕಂಡಿದ್ದಳೇ, ಬರಲಿಲ್ಲ, ಖುಷಿಯಾಯಿತು, ನನ್ನ ಸ್ಪ್ರಿಂಗಿನ ಮಹಿಮೆ ಅಂದುಕೊಂಡಳು, ಕೊಬ್ಬು, ಇನ್ನೇನನ್ನಬೇಕು ಅದಕ್ಕೆ. ಹದಿನೇಳನೇ ಬೋರ್ಡು ಅಳೆಯುವಾಗ ಫೋನು ಬಂದಿತ್ತು, ಅದು ಚೆನ್ನಾಗಿ ನೆನಪಿದೆ, ಬೆಂಚಿನ ಮೇಲೆ ಫೋನು ಗುಂಯ್‌ಗುಟ್ಟುತ್ತ ತಿರುಗಿ ತಿರುಗಿ ಸ್ಕ್ರೂಗಳ ಡಬ್ಬಿಗೆ ಹೋಗಿ ತಾಗಿತು, ತಂಗಿ, ಅಕ್ಕಾ ಮಾತಾಡಬಹುದಾ, ಅಂದಳು, ಯಾಕೇ ದನಿ ಹೀಗಿದೆ, ಸಿಗ್ನಲ್ ಸರಿಯಿಲ್ಲ ಕಣೇ, ಒಡೆದೊಡೆದು ಬರ್ತಿದೆ, ಅಳತೆಯಲ್ಲಿದ್ದೀನಿ, ಆಮೇಲೆ ಮಾಡು, ಅಂದಳು ಇವಳು, ಸರಿ ಅಕ್ಕ, ಏನಿಲ್ಲ, ಎಲ್ಲಾ ಚೆನ್ನಾಗಿದೆ, ಅಂದಳು ಅವಳು. ಈಗ ಪ್ರೋಬು ಚುಚ್ಚಿಕೊಂಡು ಮುಂದೆ ಮಲಗಿರುವುದು ಅದೇ ಹದಿನೇಳನೇ ಬೋರ್ಡು, ಅಂಚಿನಲ್ಲಿ ಅವಳದೇ ಕೈಬರಹದಲ್ಲಿ ಹದಿನೇಳು, ಆಸ್ಪತ್ರೆಯಿಂದ ದೂರಿನ ಚೀಟಿ ಕಟ್ಟಿಸಿಕೊಂಡು ಬಂದಿದೆ.

ಆಸ್ಪತ್ರೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು, ಅವುಗಳ ಹೊಟ್ಟೆಯಲ್ಲಿ ಈ ಬೋರ್ಡುಗಳು, ಹೋದ ತಿಂಗಳು ಒಬ್ಬ ನರ್ಸು ಫೋನಿನಲ್ಲಿ ಎಲ್ಲರಿಗೂ ಕೇಳುವಂತೆ ಬೈದಿದ್ದಳು, ನಿಮ್ಮ ಪೆಟ್ಟಿಗೆಗೆ ಮರೆವಿನ ಕಾಯಿಲೆ ಏನ್ರೀ, ಇದ್ದಕ್ಕಿದ್ದ ಹಾಗೆ ಪರದೆ ಕಪ್ಪಾಗುತ್ತೆ, ನಲವತ್ತು ಸೆಕೆಂಡು, ಆಮೇಲೆ ತಾನೇ ಎದ್ದು ಕೂತು ನೀನ್ಯಾರು ಅನ್ನುತ್ತೆ, ಆ ನಲವತ್ತು ಸೆಕೆಂಡು ನಾನೇನ್ಮಾಡ್ತೀನಿ ಗೊತ್ತಾ, ಕೈ ಒಳಗಿಟ್ಟು ಮಗೂನ ಎದೆ ಮೇಲೆ ಎರಡು ಬೆರಳಿಟ್ಕೊಂಡು ಎಣಿಸ್ತಾ ನಿಂತಿರ್ತೀನಿ, ಇಲ್ಲೀತನಕ ಯಾರಿಗೂ ಏನೂ ಆಗಿಲ್ಲ, ಆಗೋವರೆಗೂ ಕಾಯ್ತೀರಾ. ಯಾರ ತಪ್ಪು ಅಂತ ಶುರುವಾಯಿತು, ವೋಲ್ಟೇಜು ಇರಲಾರದು, ಅಳತೆಯಕ್ಕನ ಸಹಿಯಿದೆ, ಹಾಗಾದರೆ ಪ್ರೋಗ್ರಾಮು, ಪ್ರೋಗ್ರಾಮು ಬರೆದವನು ಗೊಣಗಪ್ಪ, ನಲವತ್ತು ದಾಟಿದ, ನೆತ್ತಿ ಬೋಳಾದ, ಕಾಫಿ ಯಂತ್ರದ ಮುಂದೆ ನಿಂತು ಲೋಟದ ಅಳತೆಯ ಬಗ್ಗೆಯೂ ಗೊಣಗುವ ಮನುಷ್ಯ, ಗೂಬೆ ಕೂರಿಸಲು ಹೇಳಿ ಮಾಡಿಸಿದ ತಲೆ. ಅವನು ಮೂರು ಸಲ ಎಲ್ಲವನ್ನೂ ಮೊದಲಿನಿಂದ ಬರೆದ, ನಾನು ಇಟ್ಟಿದ್ದೇ ಒಂದು ಅಕ್ಕ, ಎತ್ಕೊಳ್ಳೋಕೆ ಹೋದ್ರೆ ಸಿಗೋದೇ ಇನ್ನೊಂದು, ಯಾರೋ ನನ್ನ ಡ್ರಾಯರಿಗೆ ಕೈ ಹಾಕ್ತಿದ್ದಾರೆ, ಅಂತ ಇದೇ ಬೆಂಚಿನ ಮುಂದೆ ನಿಂತು ಹೇಳಿದ, ಮೂರು ವಾರದ ಹಿಂದೆ, ಯಾರದೋ ಆಸಿಲೋಸ್ಕೋಪು ಬೇಡಿ ತಂದು ತಾನೇ ಅಳೆದು ಫೋಟೋ ತೆಗೆದಿದ್ದ, ಫೋನು ಚಾಚಿ ತೋರಿಸಿದ, ಫೋಟೋದಲ್ಲಿ ಕಾಡುಮುಳ್ಳಿನಂಥ ಗೆರೆ, ಅದರ ನಡುವೆ — ಇತ್ತು, ಕುಳಿ ಇತ್ತು, ಆ ಮುಳ್ಳಿನ ನಡುವೆ ಇದೇ ಕುಳಿ ಇತ್ತು, ಅವಳು ನೋಡಿದ್ದು ಕುಳಿಯನ್ನಲ್ಲ, ಫೋಟೋದ ಮೂಲೆಯಲ್ಲಿದ್ದ ಅವನ ಪ್ರೋಬಿನ ಉದ್ದ ತಂತಿಯನ್ನು, ಏನಪ್ಪಾ ಇದು, ವೋಲ್ಟೇಜು ಅಳೆದಿದ್ದೀಯೋ ಗಾಳಿ ಅಳೆದಿದ್ದೀಯೋ, ಬಾಲ ಕತ್ತರಿಸ್ಕೊಂಡು ಬಾ, ಅಂದಳು, ಸುತ್ತ ಇದ್ದವರು ನಕ್ಕರು, ಅವನೂ ನಕ್ಕ, ಫೋನನ್ನು ಜೇಬಿಗೆ ಹಾಕಿಕೊಂಡ, ನನ್ನ ಮಗಳು ಹತ್ತೊಂಬತ್ತು ದಿನ ಇಂಥದ್ರಲ್ಲೇ ಮಲಗಿದ್ಲು ಅಕ್ಕ, ಅದಕ್ಕೇ ಕೇಳಿದೆ, ಅಂತ ಹೇಳಿ ಹೋದ. ಆಗಲೂ ಅವಳು ಪ್ರೋಬು ಎತ್ತಿಕೊಳ್ಳಲಿಲ್ಲ.

ಹತ್ತೂ ಇಪ್ಪತ್ತೈದು. ಯಾರಿಗೂ ಗೊತ್ತಾಗಬೇಕಾಗಿಲ್ಲ, ಎನ್ನುವ ಮಾತು ಮೆಲ್ಲಗೆ ಬಂತು, ಚಪ್ಪಲಿ ಬಿಟ್ಟು ಒಳಗೆ ಬರುವ ನೆಂಟರ ಹಾಗೆ, ಸದ್ದಿಲ್ಲದೆ, ಈಗ ಬಟನ್ ಒತ್ತಿ ಒಂದು ಫೋಟೋ ತೆಗೆದುಕೊಟ್ಟರೆ ಆಯಿತು, ಮುಂದಿನ ವಾರ ಸಣ್ಣ ಸುಧಾರಣೆ ಅಂತ ಹೆಸರಿಟ್ಟು ಚಿಪ್ಪಿನ ಪಕ್ಕ ನಾಲ್ಕು ಕೆಪಾಸಿಟರು ಹೆಚ್ಚಿಗೆ ಹಾಕಿಸಿದರಾಯಿತು, ಹೊಸ ಪೆಟ್ಟಿಗೆಗಳು ಸರಿಹೋಗುತ್ತವೆ, ಗೊಣಗಪ್ಪನಿಗೆ ಬೇರೆ ಕಡೆ ಕೆಲಸ ಸಿಗುತ್ತದೆ, ಬುದ್ಧಿವಂತ, ಅಲ್ಲೂ ಗೊಣಗುತ್ತಾನೆ, ಅವಳಿಗೆ ಇನ್ನು ಐದು ವರ್ಷ, ಅಳತೆಯಕ್ಕನಾಗಿಯೇ ಬಾಗಿಲು ದಾಟಿ ಮನೆಗೆ ಹೋಗಬಹುದು, ಆಮೇಲೆ ಹಳೇ ನಲವತ್ತು, ಅವುಗಳನ್ನೂ ಏನಾದರೊಂದು ನೆಪ ಹೇಳಿ ಒಂದೊಂದಾಗಿ — ಎಷ್ಟು ದಿನಕ್ಕೆ, ಅಷ್ಟು ದಿನ ಆ ನರ್ಸು ಎರಡು ಬೆರಳಿಟ್ಟುಕೊಂಡು ಎಣಿಸುತ್ತ ನಿಂತಿರಬೇಕೇ. ಥೂ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು, ಕೋಟಿನ ಅಂಚಿನಿಂದ ಅಂಗೈ ಬೆವರು ಒರೆಸಿಕೊಂಡಳು, ಗರಿಗರಿ ಕೋಟು, ಬೆಳಿಗ್ಗೆ ತಂಗಿ ಇಸ್ತ್ರಿ ಮಾಡಿಕೊಟ್ಟದ್ದು, ಆ ಫೋನು ಬಂದ ಎರಡು ತಿಂಗಳಿಗೆ ತಂಗಿ ಬಾಗಿಲಲ್ಲಿ ನಿಂತಿದ್ದಳು, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಇಸ್ತ್ರಿಪೆಟ್ಟಿಗೆ, ಗಂಡನ ಮನೆಯಿಂದ ತಂದುಕೊಂಡದ್ದು ಅದೆರಡೇ, ಇಸ್ತ್ರಿಪೆಟ್ಟಿಗೆ ಯಾಕೇ ತಂದೆ ಅಂದರೆ, ಏನು ತಗೊಳ್ಳಬೇಕು ಅಂತ ಹೊಳೀಲಿಲ್ಲ ಅಕ್ಕ, ಕೈಗೆ ಸಿಕ್ಕಿದ್ದು ತಗೊಂಡೆ, ಇನ್ನೂ ಬೆಚ್ಚಗಿತ್ತು, ಅಂದಳು, ಅಕ್ಕತಂಗಿಯರಿಬ್ಬರೂ ಬಾಗಿಲಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತ ನಗುತ್ತ ತಂಗಿಯ ಮುಖ ಬದಲಾಯಿತು. ಈಗ ಹಿಂದಿನ ಕೋಣೆಯಲ್ಲಿದ್ದಾಳೆ, ಕರ್ಚೀಫಿಗೂ ಇಸ್ತ್ರಿ ಹಾಕುತ್ತಾಳೆ, ಒಂದು ದಿನ ದಿಂಬಿನ ಚೀಲಕ್ಕೆ ಇಸ್ತ್ರಿ ಹಾಕುತ್ತ, ತಲೆಯೆತ್ತದೆ, ಸಿಟ್ಟಿಲ್ಲದೆ ಹೇಳಿದಳು, ಅವತ್ತು ಫೋನಲ್ಲಿ ನನ್ನ ದನಿ ನಡುಗ್ತಾ ಇತ್ತಕ್ಕ, ನೀನು ಸಿಗ್ನಲ್ ಸರಿಯಿಲ್ಲ ಅಂದೆ. ಅಷ್ಟೇ ಹೇಳಿದ್ದು. ಅವಳು ಹೇಳಿದ್ದಕ್ಕೆ ಇವಳು ಕೊಟ್ಟ ಉತ್ತರ, ಅನ್ನ ಬಸೀಬೇಕು ಅಂತ ಎದ್ದು ಹೋದದ್ದು.

ತಂಗಿಯ ದನಿಯಲ್ಲೂ ಇದೇ ಇತ್ತಲ್ಲ, ನೆಟ್ಟಗೆ ಬರುತ್ತ ಬರುತ್ತ ಒಂದು ಕಡೆ ಕಾಲು ಜಾರಿ ಇಳಿದು, ಎಲ್ಲಾ ಚೆನ್ನಾಗಿದೆ ಅಂತ ಎದ್ದು ನಿಂತದ್ದು, ಕಿವಿಗೂ ಒಂದು ಬಟನ್ ಒತ್ತಿಕೊಂಡಿದ್ದಳೇ ಅವತ್ತು, ಒಂದೇ ಮಧ್ಯಾಹ್ನ, ಒಂದೇ ಸ್ಟೂಲಿನ ಮೇಲೆ ಕೂತು, ಎರಡು ಕುಳಿ — ಅವಳು ಎದ್ದಳು, ಸ್ಟೂಲು ಕಿರ್ರ್ ಅಂದಿತು, ಹತ್ತೂ ಐವತ್ತೆಂಟು, ಇಷ್ಟು ಹೊತ್ತು ಕೂತಿದ್ದೆನೇ, ಕಾಲಿನ ಚೀಲ ಬಿಚ್ಚಲು ಹೊತ್ತಿಲ್ಲ, ಹಾಗೇ ಸರಸರ ಸದ್ದು ಮಾಡುತ್ತ ಕಾರಿಡಾರಿನಲ್ಲಿ ಓಡುವ ಐವತ್ಮೂರು ವರ್ಷದ ಹೆಂಗಸನ್ನು ಜನ ಗೋಡೆಗೆ ಸರಿದು ನೋಡುತ್ತಾರೆ, ನೋಡಲಿ, ನೀರಿನ ಯಂತ್ರ, ನೋಟೀಸು ಬೋರ್ಡು, ಎರಡು ಕುಂಡ, ಗಾಜಿನ ಕೋಣೆ, ಒಳಗೆ ಮೂರು ಜನ, ದೊಡ್ಡವರು, ಸಿಬ್ಬಂದಿ ವಿಭಾಗದ ಹೆಂಗಸು, ಗೊಣಗಪ್ಪ, ಮೇಜಿನ ಮೇಲೆ ಒಂದೇ ಒಂದು ಹಾಳೆ, ಅವನ ಕೈಯಲ್ಲಿ ಪೆನ್ನು, ಅವನು ಗೊಣಗುತ್ತಿಲ್ಲ, ಬಾಗಿಲು ತಟ್ಟಿದಳೋ ತಳ್ಳಿದಳೋ, ಫೋಟೋ ತಂದ್ರಾ ಅಕ್ಕ, ಅಂದರು ದೊಡ್ಡವರು. ಇಲ್ಲ, ಅಂದಳು, ಸಹಿ ಮಾಡಬೇಡಪ್ಪ, ಅಂದಳು, ಪೆನ್ನು ಕೆಳಗಿಡು, ನೀವೂ ಬನ್ನಿ, ಎಲ್ಲರೂ ನನ್ನ ಬೆಂಚಿಗೆ ಬನ್ನಿ, ಒಂದು ನಿಮಿಷ. ಈಗಲೇನಾ, ಅಂದಳು ಸಿಬ್ಬಂದಿ ವಿಭಾಗದವಳು. ಈಗಲೇ, ಅಂದಳು ಇವಳು, ಬಾಗಿಲ ಪಕ್ಕದ ಕುಂಡದ ಅಂಚಿಗೆ ಕೈಯೂರಿ ಉಸಿರೆಳೆದುಕೊಂಡಳು.

ಬೆಂಚಿನ ಸುತ್ತ ನಾಲ್ಕು ತಲೆ, ನಾಲ್ಕೂ ತಲೆಗೆ ಟೊಪ್ಪಿ, ದೊಡ್ಡವರದು ಕಿವಿ ಮುಚ್ಚಿದೆ, ಇದು ಹದಿನೇಳನೇ ಬೋರ್ಡು, ಅಂದಳು, ನೋಡಿ, ಬಾಲ ಇಲ್ಲ, ನನ್ನದೇ ಸ್ಪ್ರಿಂಗು, ಇದು ಮೆಮೊರಿಗೆ ಹೋಗೋ ವೋಲ್ಟೇಜು, ಇಲ್ಲಿ ನೋಡಿ, ಕೆಳಗೆ, ಇಷ್ಟು ಬಿದ್ದರೆ ಯಾವ ಪ್ರೋಗ್ರಾಮೂ ಉಳಿಯಲ್ಲ, ಬರೆದವನು ಎಷ್ಟೇ ಜಾಣ ಆಗಿರಲಿ, ಈಗ ಈ ಬಟನ್ ಒತ್ತುತ್ತೀನಿ, ಹೋಯ್ತಾ, ಹೀಗೆ ಅಳೆದಿದ್ದೆ ನಾನು, ನಲವತ್ತನ್ನೂ, ಇವನ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ಇವನು ಬಂದು ತೋರಿಸಿದ, ನಾನು ನಗಾಡಿ ಕಳಿಸಿದೆ, ಪೆಟ್ಟಿಗೆಗಳನ್ನೆಲ್ಲ ಇವತ್ತೇ ವಾಪಸು ತರಿಸಬೇಕು. ದೊಡ್ಡವರು ಹಳದಿ ಗೆರೆಯನ್ನೇ ನೋಡುತ್ತಿದ್ದರು, ನೀಟಾಗಿ ತೆಗೆದುಕೊಡಿ ಅಂತ ಅವತ್ತು ನಾನೇ ಅಲ್ವಾ, ಅಂತ ಶುರುಮಾಡಿ ನಿಲ್ಲಿಸಿದರು, ಒತ್ತಿದ್ದು ನನ್ನ ಬೆರಳು, ಅಂದಳು ಅವಳು, ಹೇಳಿಯಾಯಿತು, ಇಷ್ಟೇನಾ, ಇಷ್ಟಕ್ಕೇನಾ ಅಷ್ಟು ಹೊತ್ತು ಸ್ಟೂಲಿನ ಮೇಲೆ ಕೂತದ್ದು, ನಾಳೆಯಿಂದ ಅವಳ ಸಹಿಯ ಪಕ್ಕ ಇನ್ನೊಬ್ಬರ ಸಹಿ ಬೇಕೆನ್ನುತ್ತಾರೆ, ಅನ್ನಲಿ, ಇರಬೇಕು, ಸಂಜೆ ಮನೆಗೆ ಹೋದ ಮೇಲೆ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಒಂದು ಮಾತು ಹೇಳುವುದಿದೆ, ಒಲೆಯ ನೆಪ ಹೇಳಿ ಎದ್ದು ಹೋಗದೆ — ಗೊಣಗಪ್ಪ ಮುಂದೆ ಬಂದ, ಕೈಯಲ್ಲಿ ಇನ್ನೂ ಆ ಪೆನ್ನು, ಪರದೆಗೆ ಮೂಗು ತಾಗುವಷ್ಟು ಬಗ್ಗಿದ, ಅಂಗಿಯ ತೋಳಿನಿಂದ ಒಂದು ಸಲ ಗಾಜು ಒರೆಸಿದ, ಹೋಗಲಿಲ್ಲ. ಇನ್ನೊಂದ್ಸಲ ಒತ್ತಿ ಅಕ್ಕ, ಅಂದ. ಒತ್ತಿದಳು, ಇಲ್ಲ, ಒತ್ತಿದಳು, ಇದೆ. ಇನ್ನೊಂದ್ಸಲ, ಅಂದ, ಅವನ ದನಿ ನಡುಗಿತು, ನಡುಗಿದ್ದು ಅವಳಿಗೆ ಕೇಳಿಸಿತು, ಒತ್ತಿದಳು, ಇಲ್ಲ, ಒತ್ತಿದಳು, ಬೆರಳು ತೆಗೆದಳು, ಹಳದಿ ಗೆರೆ ನೆಟ್ಟಗೆ ಬಂತು, ಬಂತು, ಅಲ್ಲಿ, ಕುಳಿ.